ಅವಾಹಕ ಆಕ್ಸೈಡನ್ನು ಲೋಹವಾಗಿಸುವ ಬಗೆ: ಲ್ಯಾಂಥನಮ್ ಕ್ಯುಪ್ರೇಟ್‌ಗೆ ಸ್ಟ್ರಾನ್ಷಿಯಮ್ ಸೇರಿಸುವವರಿಗೆ ಒಂದು ಕೈಪಿಡಿ

ಮಡಿಕೇರಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಎಂ.ಎಸ್‌ಸಿ. ವಿದ್ಯಾರ್ಥಿಗಳೊಂದಿಗೆ ಹಲವು ಮಳೆಗಾಲಗಳನ್ನು ಕಳೆದ ಅನುಭವದಿಂದ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. 1050 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲ ಒಂದು ಮಫಲ್ ಫರ್ನೇಸ್, ಮಿಲಿಗ್ರಾಮಿನ ಹತ್ತನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿ, ಅಗೇಟ್ ಮಾರ್ಟರ್, ಪುಡಿಯನ್ನು ಪೆಲೆಟ್ ಆಗಿ, ಅಂದರೆ ಗಟ್ಟಿ ಬಿಲ್ಲೆಯಾಗಿ, ಒತ್ತುವ ಪ್ರೆಸ್ ಮತ್ತು ನಾಲ್ಕು ತಂತಿಗಳಲ್ಲಿ ರೋಧವನ್ನು ಅಳೆಯುವ ಏರ್ಪಾಡು ಇದ್ದರೆ, ವಿದ್ಯುತ್ತನ್ನು ಹರಿಯಗೊಡದ ಆಕ್ಸೈಡೊಂದು ಹೆಜ್ಜೆಹೆಜ್ಜೆಯಾಗಿ ಲೋಹದಂತೆ ವರ್ತಿಸತೊಡಗುವುದನ್ನು ಯಾರು ಬೇಕಾದರೂ ತಮ್ಮ ಕೈಯಾರೆ ಮಾಡಿ ನೋಡಬಹುದು. ಬಣ್ಣದಿಂದ ಮಾತ್ರ ಏನೂ ತಿಳಿಯುವುದಿಲ್ಲ. ಅವಾಹಕವಾದ ಪೆಲೆಟ್ಟೂ ಕಪ್ಪಗಿರುತ್ತದೆ, ಲೋಹವಾದದ್ದೂ ಕಪ್ಪಗೇ ಇರುತ್ತದೆ.

ಮೊದಲು, ಅದು ಅವಾಹಕವಾಗಿರುವುದೇಕೆ

ಎರಡು ಲ್ಯಾಂಥನಮ್, ಒಂದು ತಾಮ್ರ ಮತ್ತು ನಾಲ್ಕು ಆಮ್ಲಜನಕ ಪರಮಾಣುಗಳು ಸೇರಿ ಲ್ಯಾಂಥನಮ್ ಕ್ಯುಪ್ರೇಟ್ ಆಗುತ್ತದೆ. ಇದರಲ್ಲಿ ತಾಮ್ರದ ಆವೇಶ ಎರಡು ಧನ. ಹತ್ತು ಎಲೆಕ್ಟ್ರಾನ್‌ಗಳಿಗೆ ಜಾಗವಿರುವ ಅದರ ಹೊರಕವಚದಲ್ಲಿ ಒಂಬತ್ತೇ ಇರುತ್ತವೆ. ಅಂದರೆ ಪ್ರತಿಯೊಂದು ತಾಮ್ರದ ಪರಮಾಣುವಿನಲ್ಲೂ ಜೊತೆಯಿಲ್ಲದ ಒಂದು ಎಲೆಕ್ಟ್ರಾನ್ ಉಳಿಯುತ್ತದೆ. ಪಠ್ಯಪುಸ್ತಕದ ಬ್ಯಾಂಡ್ ಸಿದ್ಧಾಂತದ ಪ್ರಕಾರ ಇದು ಅರ್ಧ ತುಂಬಿದ ಬ್ಯಾಂಡ್ (ಎಲೆಕ್ಟ್ರಾನ್ ಶಕ್ತಿಮಟ್ಟಗಳ ಪಟ್ಟಿ) ಆಗಬೇಕು, ವಸ್ತು ಒಳ್ಳೆಯ ವಾಹಕವಾಗಬೇಕು. ಆದರೆ ವಾಸ್ತವದಲ್ಲಿ ಅದು, ವಿದ್ಯುತ್ ಹರಿಯಲು ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ ಸುಮಾರು 2 ಎಲೆಕ್ಟ್ರಾನ್ ವೋಲ್ಟ್ ಇರುವ ಅವಾಹಕ. ನಿಕೆಲ್ ಆಕ್ಸೈಡಿನಂಥ ವಸ್ತುಗಳಲ್ಲಿ ಇದೇ ತೊಡಕಿದೆ ಎಂಬುದನ್ನು ಡಿ ಬೋಯರ್ ಮತ್ತು ವೆರ್ವೆ 1937ರಲ್ಲಿಯೇ ಎತ್ತಿ ತೋರಿಸಿದ್ದರು. ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂರ ತಳ್ಳುವುದೇ ಇದಕ್ಕೆ ಕಾರಣವಿರಬಹುದೆಂಬ ಸೂಚನೆಯನ್ನು ಅದೇ ವರ್ಷ ಪೈಯರ್ಲ್ಸ್ ಮತ್ತು ಮಾಟ್ ಕೊಟ್ಟರು. ಈ ಬಗೆಯ ವಸ್ತುಗಳಿಗೆ ಮಾಟ್ ಅವಾಹಕಗಳೆಂಬ ಹೆಸರು ಬಂದಿರುವುದು ಅದರಿಂದಲೇ.

ವಿದ್ಯಾರ್ಥಿಗಳಿಗೆ ನಾನು ಹೋಂಸ್ಟೇಯ ಉದಾಹರಣೆ ಕೊಡುತ್ತೇನೆ. ದಸರಾ ರಜೆಯಲ್ಲಿ ಮಡಿಕೇರಿಯ ಒಂದು ಹೋಂಸ್ಟೇ ತುಂಬಿದೆ ಎಂದುಕೊಳ್ಳಿ. ಪ್ರತಿ ಕೋಣೆಯಲ್ಲೂ ಎರಡು ಮಂಚಗಳಿವೆ, ಆದರೆ ಕೋಣೆಗೊಬ್ಬರಂತೆ ಒಬ್ಬಂಟಿ ಅತಿಥಿಗಳೇ ಬಂದಿದ್ದಾರೆ, ಮತ್ತು ಅಪರಿಚಿತರ ಜೊತೆ ಕೋಣೆ ಹಂಚಿಕೊಳ್ಳಲು ಯಾರೂ ಸಿದ್ಧರಿಲ್ಲ. ಅರ್ಧದಷ್ಟು ಮಂಚಗಳು ಖಾಲಿ ಇದ್ದರೂ ಒಬ್ಬನೂ ಕೋಣೆ ಬದಲಿಸಲಾರ. ಸಾಮಾನ್ಯ ಅವಾಹಕದಲ್ಲಿ ಎರಡೂ ಮಂಚಗಳು ತುಂಬಿರುವುದರಿಂದ ಚಲನೆಯಿಲ್ಲ. ಇಲ್ಲಿ ಜಾಗವಿದ್ದೂ ಚಲನೆಯಿಲ್ಲ. ಒಂದೇ ತಾಮ್ರದ ಮೇಲೆ ಎರಡನೆಯ ಎಲೆಕ್ಟ್ರಾನನ್ನು ಕೂರಿಸಲು ತೆರಬೇಕಾದ ಶಕ್ತಿ ಸುಮಾರು 8 ಎಲೆಕ್ಟ್ರಾನ್ ವೋಲ್ಟ್. ಪಕ್ಕದ ತಾಮ್ರಕ್ಕೆ ಜಿಗಿದು ಗಳಿಸಬಹುದಾದದ್ದು 0.4ರ ಆಸುಪಾಸು. ಇಷ್ಟು ನಷ್ಟದ ವ್ಯವಹಾರಕ್ಕೆ ಯಾವ ಎಲೆಕ್ಟ್ರಾನೂ ಇಳಿಯುವುದಿಲ್ಲ.

ಈಗ ಹೋಂಸ್ಟೇಯಿಂದ ಕೆಲವು ಅತಿಥಿಗಳು ಹೊರಟುಹೋದರೆನ್ನಿ. ಖಾಲಿಯಾದ ಕೋಣೆಗೆ ಪಕ್ಕದವನು ಬರುತ್ತಾನೆ, ಅವನ ಕೋಣೆಗೆ ಅದರಾಚೆಯವನು ಬರುತ್ತಾನೆ, ನೋಡುವವರಿಗೆ ಖಾಲಿ ಕೋಣೆಯೇ ಕಾರಿಡಾರಿನುದ್ದಕ್ಕೂ ಸಾಗುತ್ತಿರುವಂತೆ ಕಾಣುತ್ತದೆ. ಡೋಪಿಂಗ್ ಎಂದರೆ ಇದು: ಎಲೆಕ್ಟ್ರಾನ್‌ಗಳನ್ನು ತುಸು ಕಡಿಮೆ ಮಾಡಿ ರಂಧ್ರಗಳನ್ನು ಬಿಡುವುದು, ಅಥವಾ ಬೇರೆ ವಸ್ತುಗಳಲ್ಲಿ ಎಲೆಕ್ಟ್ರಾನ್‌ಗಳನ್ನು ತುಸು ಹೆಚ್ಚಿಸುವುದು. ಉದಾಹರಣೆಯ ಕುಂದನ್ನೂ ಹೇಳಿಬಿಡಬೇಕು. ಕ್ಯುಪ್ರೇಟಿನಲ್ಲಿ ರಂಧ್ರವು ಮುಖ್ಯವಾಗಿ ತಾಮ್ರದ ಮೇಲಲ್ಲ, ನಡುವಿನ ಆಮ್ಲಜನಕದ ಮೇಲೆ ಕೂರುತ್ತದೆ. ಆ 2 ಎಲೆಕ್ಟ್ರಾನ್ ವೋಲ್ಟ್ ಅಂತರವೂ ಆಮ್ಲಜನಕದಿಂದ ತಾಮ್ರಕ್ಕೆ ಆವೇಶವನ್ನು ಸಾಗಿಸುವ ಬೆಲೆಯೇ ಆಗಿದೆ. ಈ ಭೇದವನ್ನು 1985ರಲ್ಲಿ ಸಾನೆನ್, ಸವಾಟ್ಸ್ಕಿ ಮತ್ತು ಆ್ಯಲೆನ್ ಸ್ಪಷ್ಟಪಡಿಸಿದರು. ಕೋಣೆಗಿಂತ ಕಾರಿಡಾರಿನಲ್ಲಿ ಜಾಗ ತೆರವಾಯಿತು ಎಂದು ತಿದ್ದಿಕೊಂಡರೆ ಉದಾಹರಣೆ ಮತ್ತೆ ಕೆಲಸಕ್ಕೆ ಬರುತ್ತದೆ.

ಸಿಲಿಕಾನ್ ಕಲಿತು ಬಂದವರಿಗೆ ಇಲ್ಲಿನ ಪ್ರಮಾಣ ವಿಚಿತ್ರವೆನಿಸುತ್ತದೆ. ಸಿಲಿಕಾನಿಗೆ ರಂಜಕವನ್ನು ಬೆರೆಸಿದರೆ, ಹತ್ತು ಲಕ್ಷ ಪರಮಾಣುಗಳಿಗೆ ಸುಮಾರು 70 ಇದ್ದರೆ ಸಾಕು, ಅದು ಲೋಹವಾಗುತ್ತದೆ. ಕ್ಯುಪ್ರೇಟಿನಲ್ಲಿ ನೂರಕ್ಕೆ ಹಲವಾರು ಬೇಕು. ಪ್ರತಿ ತಾಮ್ರಕ್ಕೆ 0.02 ರಂಧ್ರಗಳಾಗುವ ಹೊತ್ತಿಗೆ ಕಾಂತೀಯ ಕ್ರಮವಷ್ಟೇ ಕುಸಿಯುತ್ತದೆ. ಡೋಪ್ ಆಗದ ವಸ್ತುವಿನಲ್ಲಿ ಅಕ್ಕಪಕ್ಕದ ತಾಮ್ರಗಳ ಎಲೆಕ್ಟ್ರಾನ್‌ಗಳ ಪುಟ್ಟ ಕಾಂತಗಳು, ಅಂದರೆ ಸ್ಪಿನ್‌ಗಳು ಎದುರುಬದುರಾಗಿ ನಿಲ್ಲುವ ಆ ಕ್ರಮ ಸುಮಾರು 320 ಕೆಲ್ವಿನ್‌ವರೆಗೂ ತಾಳಿಕೊಂಡಿರುತ್ತದೆ. 0.05 ದಾಟಿದ ಮೇಲೆ ತೀರ ಕೆಳಗಿನ ತಾಪಮಾನದಲ್ಲಿ ಅತಿವಾಹಕತೆ, ಅಂದರೆ ರೋಧವೇ ಇಲ್ಲದ ಸ್ಥಿತಿ, ತಲೆಯೆತ್ತುತ್ತದೆ, 0.15ರ ಸುತ್ತ ಅದು ಸುಮಾರು 38 ಕೆಲ್ವಿನ್ ಮುಟ್ಟುತ್ತದೆ, 0.27ರ ಆಸುಪಾಸಿನಲ್ಲಿ ಮರೆಯಾಗಿ ಸಾಧಾರಣ ಲೋಹ ಉಳಿಯುತ್ತದೆ. ಇದೇ ವಸ್ತುವಿಗೆ ಸ್ಟ್ರಾನ್ಷಿಯಮ್ ಬದಲು ಬೇರಿಯಮ್ ಹಾಕಿ ಬೆಡ್ನೋರ್ಟ್ಸ್ ಮತ್ತು ಮ್ಯುಲರ್ 1986ರಲ್ಲಿ ಅತಿವಾಹಕತೆಯನ್ನು ಕಂಡರು, ಮರುವರ್ಷವೇ ನೊಬೆಲ್ ಬಂತು. ಅದಕ್ಕೂ ಬಹಳ ಮೊದಲೇ, 1970ರ ದಶಕದಲ್ಲಿ, ನಮ್ಮ ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ ಇದೇ ರಚನೆಯ ಆಕ್ಸೈಡ್‌ಗಳ ವಾಹಕತೆಯನ್ನು ಅಳೆದಿದ್ದರೆಂಬುದನ್ನು ಹುಡುಗರಿಗೆ ಹೇಳದೆ ನಾನು ಈ ಪ್ರಯೋಗವನ್ನು ಆರಂಭಿಸುವುದಿಲ್ಲ.

ಯಾವ ಪರಮಾಣುವನ್ನು ಎಲ್ಲಿ ಹಾಕಬೇಕು

ಮೂರು ಧನ ಆವೇಶದ ಲ್ಯಾಂಥನಮ್ ಇದ್ದ ಜಾಗದಲ್ಲಿ ಎರಡು ಧನದ ಸ್ಟ್ರಾನ್ಷಿಯಮ್ಮನ್ನು ಕೂರಿಸುತ್ತೇವೆ. ಎರಡರ ಗಾತ್ರವೂ ಹತ್ತಿರಹತ್ತಿರ ಇರುವುದರಿಂದ ಹರಳು ಅದನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಈ ಆಯ್ಕೆಯ ನಿಜವಾದ ಜಾಣತನ ಬೇರೆಡೆ ಇದೆ: ವಿದ್ಯುತ್ ಹರಿಯುವುದು ತಾಮ್ರ ಮತ್ತು ಆಮ್ಲಜನಕದ ಪದರಗಳಲ್ಲಿ, ಸ್ಟ್ರಾನ್ಷಿಯಮ್ ಕೂರುವುದು ಆ ಪದರಗಳ ಆಚೀಚೆ. ಹರಿವಿನ ದಾರಿಯನ್ನು ಮುಟ್ಟದೆ ದೂರದಿಂದ ರಂಧ್ರಗಳನ್ನು ಒದಗಿಸಿದಂತಾಗುತ್ತದೆ. ಅದರ ಬದಲು ತಾಮ್ರದ ಸ್ಥಾನದಲ್ಲಿಯೇ ಸತುವನ್ನು ಹಾಕಿದರೆ ನೂರಕ್ಕೆ ಎರಡು ಮೂರು ಪರಮಾಣುಗಳೇ ಅತಿವಾಹಕತೆಯನ್ನು ಕೆಡಿಸಲು ಸಾಕು. ನಿಕೆಲ್ ಆಕ್ಸೈಡಿಗೆ ಲಿಥಿಯಮ್ ಬೆರೆಸಿದ ಹಳೆಯ ಪ್ರಯೋಗಗಳಲ್ಲಿ ರೋಧವು ಹತ್ತರ ಹಲವು ಘಾತಗಳಷ್ಟು ಇಳಿದರೂ ಲೋಹ ಸಿಗಲಿಲ್ಲ. ಅಲ್ಲಿ ಲಿಥಿಯಮ್ ನಿಕೆಲ್ಲಿನ ಜಾಗದಲ್ಲಿಯೇ ಕೂತು, ತಾನು ಹುಟ್ಟಿಸಿದ ರಂಧ್ರವನ್ನು ತನ್ನ ಬಳಿಯೇ ಹಿಡಿದಿಟ್ಟುಕೊಳ್ಳುತ್ತದೆ, ಅದು ಜಿಗಿಜಿಗಿದು ಸಾಗಬೇಕಾಗುತ್ತದೆ. ರೋಧ ಇಳಿಯುವುದೇ ಬೇರೆ, ಲೋಹವಾಗುವುದೇ ಬೇರೆ.

ಕ್ಯುಪ್ರೇಟೇ ಏಕೆ, ಬೇರೆ ಆಕ್ಸೈಡ್ ಏಕಲ್ಲ ಎಂದು ಕೇಳಬಹುದು. ಸ್ಟ್ರಾನ್ಷಿಯಮ್ ಸೇರಿದ ಲ್ಯಾಂಥನಮ್ ಟೈಟನೇಟಿನಲ್ಲಿ 0.05ರ ಆಸುಪಾಸಿನಲ್ಲಿಯೇ ಲೋಹ ಸಿಗುತ್ತದೆ, ಆದರೆ ಟೈಟೇನಿಯಮ್ಮನ್ನು ಮೂರು ಧನದಲ್ಲಿ ಉಳಿಸಲು ಆಮ್ಲಜನಕವಿಲ್ಲದ ವಾತಾವರಣ ಬೇಕು. ಕಾಲೇಜಿನ ಫರ್ನೇಸಿಗೆ ಅದು ಆಗದ ಮಾತು. ಲ್ಯಾಂಥನಮ್ ಮ್ಯಾಂಗನೈಟು ಗಾಳಿಯಲ್ಲಿ ಆಗುತ್ತದೆ, ಆದರೆ ಅಲ್ಲಿ ಕಾಂತತೆಯ ಕಥೆ ಬೆರೆತು ಮೊದಲ ಸಲದವರಿಗೆ ಗೊಂದಲವಾಗುತ್ತದೆ. ಹಾಗಾಗಿ ಕ್ಯುಪ್ರೇಟು.

ಗಾಳಿಯಿಂದ ಬರುವ 15 ಮಿಲಿಗ್ರಾಂ

ಈ ಕೈಪಿಡಿಯಲ್ಲಿ ನಾನು ಒತ್ತಿ ಹೇಳಬೇಕಾದ ವಿಷಯ ಇದೊಂದೇ: ತಕ್ಕಡಿಯಲ್ಲಿ ತೂಗಿದ ಸ್ಟ್ರಾನ್ಷಿಯಮ್ಮಿನ ಪಾಲು ಮತ್ತು ಪದರಗಳಿಗೆ ನಿಜವಾಗಿ ದೊರೆತ ರಂಧ್ರಗಳ ಪಾಲು ಒಂದೇ ಅಲ್ಲ. ಆವೇಶದ ಲೆಕ್ಕವನ್ನು ಸರಿದೂಗಿಸಲು ಹರಳಿಗೆ ಎರಡು ದಾರಿಗಳಿವೆ. ಒಂದೋ ಎಲೆಕ್ಟ್ರಾನನ್ನು ಬಿಟ್ಟು ರಂಧ್ರವನ್ನು ಮಾಡಿಕೊಳ್ಳಬೇಕು, ಇಲ್ಲವೇ ಆಮ್ಲಜನಕದ ಪರಮಾಣುವೊಂದನ್ನು ಬಿಟ್ಟುಕೊಡಬೇಕು. ಎರಡನೆಯ ದಾರಿಯನ್ನು ಹಿಡಿದರೆ ಸ್ಟ್ರಾನ್ಷಿಯಮ್ ಪೂರ್ತಿ ಒಳಗೆ ಸೇರಿಯೂ ವಸ್ತು ಅವಾಹಕವಾಗಿಯೇ ಉಳಿಯುತ್ತದೆ.

ಐದು ಗ್ರಾಂ ಮಾದರಿಯ ಲೆಕ್ಕವನ್ನು ಹಾಕಿ ನೋಡೋಣ. ಸ್ಟ್ರಾನ್ಷಿಯಮ್ ಪಾಲು 0.15, ಲ್ಯಾಂಥನಮ್ 1.85, ತಾಮ್ರ 1, ಆಮ್ಲಜನಕ 4 ಆಗಿರುವ ಸಂಯುಕ್ತದ ಅಣುತೂಕ 397.66. ಇದಕ್ಕೆ ಬೇಕಾದದ್ದು 3.7893 ಗ್ರಾಂ ಲ್ಯಾಂಥನಮ್ ಆಕ್ಸೈಡ್, 0.2784 ಗ್ರಾಂ ಸ್ಟ್ರಾನ್ಷಿಯಮ್ ಕಾರ್ಬೊನೇಟ್, 1.0002 ಗ್ರಾಂ ಕ್ಯುಪ್ರಿಕ್ ಆಕ್ಸೈಡ್ (ತಾಮ್ರದ ಆಕ್ಸೈಡ್). ಒಟ್ಟು 5.0679 ಗ್ರಾಂ. ಇದರಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ 0.0830 ಗ್ರಾಂ ಹಾರಿಹೋದರೆ ಉಳಿಯುವುದು 4.9849 ಗ್ರಾಂ, ಐದು ಗ್ರಾಂ ಅಲ್ಲ. ಕೊರತೆಯಾದ 15 ಮಿಲಿಗ್ರಾಂ ಆಮ್ಲಜನಕವನ್ನು ಪುಡಿಯು ಫರ್ನೇಸಿನ ಗಾಳಿಯಿಂದ ಹೀರಿಕೊಳ್ಳಬೇಕು. ಹೀರದಿದ್ದರೆ ಆಮ್ಲಜನಕದ ಸಂಖ್ಯೆ 4ರ ಬದಲು 3.925 ಆಗುತ್ತದೆ, ರಂಧ್ರಗಳ ಸಂಖ್ಯೆ ಸೊನ್ನೆಯಾಗುತ್ತದೆ. ಬಾಟಲಿಯಿಂದ ತೆಗೆದ ಸ್ಟ್ರಾನ್ಷಿಯಮ್ ಅವಕಾಶವನ್ನು ಮಾತ್ರ ಕೊಡುತ್ತದೆ. ಎಲೆಕ್ಟ್ರಾನ್‌ಗಳನ್ನು ಕೊಂಡೊಯ್ಯುವುದು ಗಾಳಿಯ ಆಮ್ಲಜನಕ. ರಂಧ್ರಗಳ ಪಾಲು ಎಂದರೆ ಸ್ಟ್ರಾನ್ಷಿಯಮ್ ಪಾಲಿಗೆ ಹೆಚ್ಚುವರಿ ಆಮ್ಲಜನಕದ ಎರಡರಷ್ಟನ್ನು ಕೂಡಿಸಿದ್ದು, ಅಥವಾ ಕೊರತೆಯಾಗಿದ್ದರೆ ಅದರ ಎರಡರಷ್ಟನ್ನು ಕಳೆದದ್ದು. ಈ ಸೂತ್ರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ತೂಗುವುದು

ಜುಲೈ-ಆಗಸ್ಟ್ ನಡುವಿನ ಕಕ್ಕಡ ಮಾಸದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುವ ಊರು ನಮ್ಮದು. ಲ್ಯಾಂಥನಮ್ ಆಕ್ಸೈಡ್ ಉಪ್ಪಿಗಿಂತ ಆಸೆಬುರುಕ: ತೇವವನ್ನು ಹೀರಿ ಹೈಡ್ರಾಕ್ಸೈಡ್ ಆಗುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಭಾಗಶಃ ಕಾರ್ಬೊನೇಟೂ ಆಗುತ್ತದೆ, ನೋಡಲು ಮಾತ್ರ ಮೊದಲಿನಂತೆಯೇ ಬೆಳ್ಳಗಿರುತ್ತದೆ. ಪೂರ್ತಿ ಹೈಡ್ರಾಕ್ಸೈಡ್ ಆದರೆ ತೂಕ ನೂರಕ್ಕೆ 16.6ರಷ್ಟು ಏರುತ್ತದೆ. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಬೇಳೆಯ ಪ್ರಮಾಣ) ಮತ್ತು ತೇವಾಂಶವನ್ನು ನೋಡದೆ ಚೆರ್ರಿಯ ಚೀಲವನ್ನು ತೂಕಕ್ಕೆ ಕೊಳ್ಳುವ ವ್ಯಾಪಾರಿ ಎಲ್ಲಿಯೂ ಇಲ್ಲ.

ಒಂದು ಜುಲೈಯಲ್ಲಿ ನಮ್ಮಲ್ಲಿ ಆದದ್ದು ಅದೇ. ತೆರೆದಿಟ್ಟ ಬಾಟಲಿಯಿಂದ ನೇರವಾಗಿ ತೂಗಿ ಮಾಡಿದ ಮಾದರಿಯ ಎಕ್ಸ್-ರೇ ಚಿತ್ರದಲ್ಲಿ ಕ್ಯುಪ್ರಿಕ್ ಆಕ್ಸೈಡಿನ ಶಿಖರಗಳು ಎದ್ದು ಕಂಡವು. ಆಮೇಲೆ ಕುಳಿತು ಲೆಕ್ಕ ಹಾಕಿದಾಗ, ಪುಡಿ ಪೂರ್ತಿ ಹೈಡ್ರಾಕ್ಸೈಡ್ ಆಗಿದ್ದರೆ ಲ್ಯಾಂಥನಮ್ 1.85ರ ಬದಲು 1.59 ಮಾತ್ರ ಬಿದ್ದಿರುತ್ತದೆ, ನೂರರಲ್ಲಿ 13 ಪಾಲು ತಾಮ್ರದ ಆಕ್ಸೈಡ್ ಜೊತೆ ಸಿಗದೆ ಉಳಿಯುತ್ತದೆ, ಹರಳಿನೊಳಗಿನ ಸ್ಟ್ರಾನ್ಷಿಯಮ್ ಪಾಲು 0.15ರಿಂದ 0.17ಕ್ಕೆ ಏರುತ್ತದೆ ಎಂದು ತಿಳಿಯಿತು. ತಪ್ಪು ನನ್ನದೇ. ಒಣಗಿಸಿ ತೂಗಿ ಎಂದು ಬಾಯಲ್ಲಿ ಹೇಳಿದ್ದೆ, ಏಕೆಂದು ಹೇಳಿರಲಿಲ್ಲ.

ಆದ್ದರಿಂದ ಲ್ಯಾಂಥನಮ್ ಆಕ್ಸೈಡನ್ನು ಅಲ್ಯುಮಿನಾ ಕ್ರೂಸಿಬಲ್ಲಿನಲ್ಲಿ 900ರಿಂದ 1000 ಡಿಗ್ರಿಯಲ್ಲಿ ಒಂದು ರಾತ್ರಿ ಕಾಯಿಸಬೇಕು. ನೀರು ಹೋಗಲು ಅಷ್ಟು ಶಾಖ ಬೇಡ, ಕಾರ್ಬೊನೇಟ್ ಒಡೆಯಲು ಬೇಕು. ಬೆಳಿಗ್ಗೆ ಫರ್ನೇಸ್ ಸುಮಾರು 200 ಡಿಗ್ರಿಗೆ ಇಳಿದಾಗ ಇಕ್ಕಳದಿಂದ ಹೊರತೆಗೆದು ಡೆಸಿಕೇಟರಿನಲ್ಲಿ (ತೇವ ತಗುಲದಂತೆ ಮುಚ್ಚಿಡುವ ಪಾತ್ರೆಯಲ್ಲಿ) ಆರಿಸಿ, ಆರಿದ ಕೂಡಲೇ ತೂಗಬೇಕು. ತಕ್ಕಡಿಯ ಮೇಲಿಟ್ಟ ಪುಡಿಯ ತೂಕದ ಕೊನೆಯ ಅಂಕೆ ನಿಲ್ಲದೆ ಮೇಲೇರುತ್ತಿದ್ದರೆ ಅದು ತಕ್ಕಡಿಯ ದೋಷವಲ್ಲ. ನಿಮ್ಮ ಕಣ್ಣೆದುರೇ ಪುಡಿ ಮಡಿಕೇರಿಯ ಗಾಳಿಯನ್ನು ಕುಡಿಯುತ್ತಿದೆ. ಮಳೆಗಾಲದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಉಳಿದೆರಡು ಪುಡಿಗಳನ್ನು 150 ಡಿಗ್ರಿಯ ಓವನ್‌ನಲ್ಲಿ ಕೆಲವು ಗಂಟೆ ಇಟ್ಟರೆ ಸಾಕು.

ಒಂದೇ ಮಾದರಿಯಿಂದ ಏನೂ ತಿಳಿಯುವುದಿಲ್ಲ. ಸ್ಟ್ರಾನ್ಷಿಯಮ್ ಪಾಲು 0, 0.05, 0.10, 0.15 ಮತ್ತು 0.20 ಇರುವ ಐದನ್ನು ಒಟ್ಟಿಗೆ ತೂಗಿ, ಒಂದೇ ಫರ್ನೇಸಿನಲ್ಲಿ ಅಕ್ಕಪಕ್ಕ ಇಟ್ಟು ಸುಡುವುದು ಉತ್ತಮ.

ಅರೆಯುವುದು, ಸುಡುವುದು

ಮೂರೂ ಪುಡಿಗಳನ್ನು ಅಗೇಟ್ ಮಾರ್ಟರಿನಲ್ಲಿ ಸ್ವಲ್ಪ ಅಸಿಟೋನ್ ಹಾಕಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಅರೆಯಬೇಕು. ಮುಖಕ್ಕೆ ಮಾಸ್ಕ್ ಇರಲಿ, ಹತ್ತಿರದಲ್ಲಿ ಬೆಂಕಿ ಇರಬಾರದು. ಬಿಳಿ ಮತ್ತು ಕಪ್ಪಿನ ಗೆರೆಗಳು ಮಾಯವಾಗಿ ಇಡೀ ಪುಡಿ ಒಂದೇ ಬೂದು ಬಣ್ಣಕ್ಕೆ ತಿರುಗಿದ ಮೇಲೂ ಹತ್ತು ನಿಮಿಷ ಮುಂದುವರಿಸಿ, ಏಕೆಂದರೆ ಘನಸ್ಥಿತಿಯ ಕ್ರಿಯೆಯಲ್ಲಿ ಪರಮಾಣುಗಳು ಕಣದಿಂದ ಕಣಕ್ಕೆ ನಡೆದೇ ಹೋಗಬೇಕು, ಕಣ ದೊಡ್ಡದಾದಷ್ಟೂ ದಾರಿ ಉದ್ದವಾಗುತ್ತದೆ. ಮೊದಲ ಸುಡುವಿಕೆ 900 ಡಿಗ್ರಿಯಲ್ಲಿ 12 ಗಂಟೆ. ತೆಗೆದು ಮತ್ತೆ ಅರೆದು 950ರಿಂದ 1000 ಡಿಗ್ರಿಯಲ್ಲಿ 24 ಗಂಟೆ. ಇನ್ನೊಮ್ಮೆ ಅರೆದು, ಪೆಲೆಟ್ ಒತ್ತಿ, ಅದೇ ಪುಡಿಯನ್ನು ಕ್ರೂಸಿಬಲ್ಲಿನ ತಳಕ್ಕೆ ತೆಳ್ಳಗೆ ಹರಡಿ ಅದರ ಮೇಲೆ ಪೆಲೆಟನ್ನು ಇಟ್ಟು, 1050 ಡಿಗ್ರಿಯಲ್ಲಿ 24 ಗಂಟೆ ಸುಡಬೇಕು. ಮೊದಲ ಹಂತದಲ್ಲಿಯೇ ಆತುರಪಟ್ಟು 1050ಕ್ಕೆ ಏರಿಸಿದರೆ, ಕ್ರಿಯೆಗೆ ಒಳಗಾಗದ ತಾಮ್ರದ ಆಕ್ಸೈಡ್ ಕರಗಿ ಕ್ರೂಸಿಬಲ್ಲಿಗೆ ಅಂಟಿಕೊಳ್ಳುತ್ತದೆ, ಅಲ್ಲಿಗೆ ನಿಮ್ಮ ತೂಕದ ಲೆಕ್ಕವೆಲ್ಲ ಹಾಳು.

ತಣಿಸುವುದನ್ನು ಯಾರೂ ಒಂದು ಹಂತವೆಂದು ಎಣಿಸುವುದಿಲ್ಲ. ಆದರೆ ಆ 15 ಮಿಲಿಗ್ರಾಂ ಆಮ್ಲಜನಕ ಪೂರ್ತಿಯಾಗಿ ಒಳಗೆ ಸೇರುವುದು ತಣಿಯುವಾಗಲೇ. ಬಿಸಿಯಾಗಿದ್ದಾಗ ಹರಳು ಅದನ್ನು ಸಡಿಲವಾಗಿ ಹಿಡಿದಿರುತ್ತದೆ. ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಇಳಿಸಿ, 500 ಡಿಗ್ರಿಯಲ್ಲಿ ಹತ್ತಾರು ಗಂಟೆ ನಿಲ್ಲಿಸಿ, ಆಮೇಲೆ ಕೋಣೆಯ ತಾಪಮಾನಕ್ಕೆ ಬಿಡಿ. ಸ್ಟ್ರಾನ್ಷಿಯಮ್ ಪಾಲು 0.20 ಇರುವ ಮಾದರಿ ಆಮ್ಲಜನಕವನ್ನು ಬಿಟ್ಟುಕೊಡುವ ಕಡೆಗೆ ಹೆಚ್ಚು ವಾಲುತ್ತದೆ. ಅದಕ್ಕೆ ಸಾಧ್ಯವಾದರೆ ಸಿಲಿಂಡರಿನ ಆಮ್ಲಜನಕವನ್ನು ಹರಿಸಬೇಕು. ಸ್ಟ್ರಾನ್ಷಿಯಮ್ ಇಲ್ಲದ ಮಾದರಿಯ ತೊಂದರೆ ಇದಕ್ಕೆ ತದ್ವಿರುದ್ಧ. ಗಾಳಿಯಲ್ಲಿ ತಣಿದಾಗ ಅದು ತುಸು ಹೆಚ್ಚುವರಿ ಆಮ್ಲಜನಕವನ್ನು ಪದರಗಳ ನಡುವೆ ಸೇರಿಸಿಕೊಂಡು ತನಗೆ ತಾನೇ ಡೋಪ್ ಮಾಡಿಕೊಳ್ಳುತ್ತದೆ. ಅಪ್ಪಟ ಅವಾಹಕ ಬೇಕಿದ್ದರೆ ಅದನ್ನು ಆರ್ಗಾನ್ ಅಥವಾ ನೈಟ್ರೋಜನ್ ಹರಿವಿನಲ್ಲಿ 600ರಿಂದ 700 ಡಿಗ್ರಿಗೆ ಮತ್ತೆ ಕಾಯಿಸಬೇಕು.

ವಿದ್ಯುತ್ತಿನ ಮಾತನ್ನೂ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನಿನ ಮೇಲೆ ಮರ ಬೀಳದ ವಾರವೇ ಅಪರೂಪ, ಮೂರು ದಿನಗಳ ಸುಡುವಿಕೆ ತಡೆಯಿಲ್ಲದೆ ಮುಗಿದರೆ ಅದು ಅದೃಷ್ಟ. ಮೊದಲ ಎರಡು ಸುಡುವಿಕೆಗಳ ನಡುವೆ ಕರೆಂಟ್ ಹೋದರೆ ನಷ್ಟವೇನಿಲ್ಲ, ಉಳಿದ ಗಂಟೆಗಳನ್ನು ಮತ್ತೆ ಕೊಟ್ಟರಾಯಿತು. ಆದರೆ ಕರೆಂಟ್ ಮರಳಿ ಬಂದಾಗ ಕಂಟ್ರೋಲರ್ ಏನು ಮಾಡುತ್ತದೆ ಎಂಬುದನ್ನು ಮೊದಲೇ ಪರೀಕ್ಷಿಸಿ ತಿಳಿದುಕೊಳ್ಳಿ: ಕೆಲವು ಇದ್ದ ತಾಪಮಾನದಿಂದ ನಿಧಾನವಾಗಿ ಏರುತ್ತವೆ, ಕೆಲವು ಪೂರ್ತಿ ಶಕ್ತಿಯಲ್ಲಿ ಏರಿ ಕ್ರೂಸಿಬಲ್ಲನ್ನು ಬಿರುಕು ಬಿಡಿಸುತ್ತವೆ. ಎರಡನೆಯ ಬಗೆಯದಾದರೆ ರಾತ್ರಿ ಫರ್ನೇಸನ್ನು ಒಂಟಿಯಾಗಿ ಬಿಟ್ಟು ಹೋಗಬಾರದು.

ಸರಿಯಾಗಿ ಆಗಿದೆಯೇ ಎಂದು ನೋಡುವುದು

ಅತ್ಯಂತ ಅಗ್ಗದ ಪರೀಕ್ಷೆ ಗಾಳಿಯೇ. ಒಮ್ಮೆ ಶುಕ್ರವಾರ ಸಂಜೆ ಪೆಟ್ರಿ ತಟ್ಟೆಯಲ್ಲಿ ಬಿಟ್ಟು ಹೋದ, ಬಡಿದರೆ ಕಣಕಣ ಎನ್ನುತ್ತಿದ್ದ ಪೆಲೆಟ್ಟೊಂದು ಸೋಮವಾರದ ಹೊತ್ತಿಗೆ ಅಂಚಿನಿಂದ ಸೀಳಿ, ಸೀಳಿನ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳನ್ನು ತೋರಿಸುತ್ತಿತ್ತು. ಉಗುರು ತಾಗಿಸಿದರೆ ಪುಡಿಯಾಯಿತು. ಕ್ರಿಯೆಗೆ ಒಳಗಾಗದೆ ಉಳಿದ ಲ್ಯಾಂಥನಮ್ ಆಕ್ಸೈಡ್ ತೇವವನ್ನು ಹೀರಿ ಉಬ್ಬಿ ಒಳಗಿನಿಂದಲೇ ಪೆಲೆಟನ್ನು ಒಡೆದಿತ್ತು. ಮಳೆಗಾಲದಲ್ಲಿ ಒಂದು ವಾರ ಮೇಜಿನ ಮೇಲೆ ಗಟ್ಟಿಯಾಗಿ ಉಳಿದ ಪೆಲೆಟ್ಟಿನ ಬಗ್ಗೆ ನನಗೆ ಅರ್ಧ ಧೈರ್ಯ ಬರುತ್ತದೆ.

ಉಳಿದರ್ಧ ಧೈರ್ಯಕ್ಕೆ ಎಕ್ಸ್-ರೇ ಬೇಕು. ನಾವು ಪುಡಿಯನ್ನು ಮೈಸೂರಿಗೆ ಕಳುಹಿಸುತ್ತೇವೆ. ನೋಡಬೇಕಾದದ್ದು ಎರಡು ಸಂಗತಿ. ತಾಮ್ರದ ಕೊಳವೆಯಿಂದ ಬರುವ ಎಕ್ಸ್-ರೇ ಬಳಸಿದಾಗ 35.5 ಮತ್ತು 38.7 ಡಿಗ್ರಿಯ ಬಳಿ ಕ್ಯುಪ್ರಿಕ್ ಆಕ್ಸೈಡಿನ ಶಿಖರಗಳು ಇರಬಾರದು. ಹರಳಿನ ಉದ್ದದ ಅಕ್ಷ ಸ್ಟ್ರಾನ್ಷಿಯಮ್ ಪಾಲಿನೊಂದಿಗೆ ಏರುತ್ತಾ ಹೋಗಬೇಕು: ಶುದ್ಧ ವಸ್ತುವಿನಲ್ಲಿ 13.15 ಆಂಗ್‌ಸ್ಟ್ರಮ್ ಇದ್ದದ್ದು 0.15ರಲ್ಲಿ 13.23ರ ಹತ್ತಿರ ಬರುತ್ತದೆ.

ಇಷ್ಟಾದರೂ ಸ್ಟ್ರಾನ್ಷಿಯಮ್ ಒಳಗಿದೆ ಎಂದಷ್ಟೇ ತಿಳಿಯುತ್ತದೆ, ರಂಧ್ರಗಳು ಎಷ್ಟಿವೆ ಎಂದಲ್ಲ. ಅದಕ್ಕೆ ಅಯೋಡಿನ್ ಟೈಟ್ರೇಶನ್ ಮಾಡಬೇಕು, ಮತ್ತು ಭೌತಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ತಪ್ಪಿಸಿಕೊಳ್ಳಲು ಹುಡುಕುವ ನೆಪಗಳಿಗೆ ಕೊನೆಯಿಲ್ಲ. ಸುಮಾರು 50 ಮಿಲಿಗ್ರಾಂ ಪುಡಿಯನ್ನು ನಿಖರವಾಗಿ ತೂಗಿ, ನೈಟ್ರೋಜನ್ ಗುಳ್ಳೆಗಳನ್ನು ಹಾಯಿಸುತ್ತಿರುವ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೊಟ್ಯಾಸಿಯಮ್ ಅಯೋಡೈಡಿನ ದ್ರಾವಣಕ್ಕೆ ಹಾಕಿ, ಬಿಡುಗಡೆಯಾದ ಅಯೋಡಿನ್ನನ್ನು 0.02 ಮೋಲಾರ್ ಸೋಡಿಯಮ್ ಥಯೋಸಲ್ಫೇಟಿನಿಂದ ಅಳೆಯಬೇಕು. ಗಂಜಿಯ ದ್ರಾವಣವನ್ನು ಕೊನೆಯ ಹಂತದಲ್ಲಿ ಸೇರಿಸಬೇಕು. ಇಲ್ಲಿ ತಾಮ್ರವೂ ರಂಧ್ರಗಳೂ ಎರಡೂ ಲೆಕ್ಕಕ್ಕೆ ಬರುತ್ತವೆ. ಎರಡನೆಯ ಸಲ ಅಷ್ಟೇ ಪುಡಿಯನ್ನು ಅಯೋಡೈಡ್ ಇಲ್ಲದೆ ಆಮ್ಲದಲ್ಲಿ ಕರಗಿಸಿ ಹತ್ತು ನಿಮಿಷ ಕುದಿಸಿ, ರಂಧ್ರಗಳನ್ನು ಅನಿಲವಾಗಿ ಹೊರಹಾಕಿ, ತಣಿದ ಮೇಲೆ ಅಯೋಡೈಡ್ ಸೇರಿಸಿ ಅಳೆಯಬೇಕು. ಕುದಿಸುವುದು ಫ್ಯೂಮ್ ಹುಡ್ಡಿನೊಳಗೇ ಆಗಬೇಕು. ಇಲ್ಲಿ ತಾಮ್ರವಷ್ಟೇ ಲೆಕ್ಕಕ್ಕೆ ಬರುತ್ತದೆ. ಒಂದು ಗ್ರಾಂ ಪುಡಿಗೆ ಬೇಕಾದ ಥಯೋಸಲ್ಫೇಟಿನ ಮೊದಲ ಪರಿಮಾಣವನ್ನು ಎರಡನೆಯದರಿಂದ ಭಾಗಿಸಿ ಒಂದನ್ನು ಕಳೆದರೆ ರಂಧ್ರಗಳ ಪಾಲು ಸಿಗುತ್ತದೆ. 50 ಮಿಲಿಗ್ರಾಂ ಪುಡಿಗೆ, ರಂಧ್ರಗಳ ಪಾಲು 0.15 ಇದ್ದರೆ, ಮೊದಲನೆಯದು 7.23 ಮಿಲಿಲೀಟರ್, ಎರಡನೆಯದು 6.29. ಅಂತರ ಒಂದು ಮಿಲಿಲೀಟರಿಗೂ ಕಡಿಮೆ. ಬ್ಯುರೆಟ್ಟಿನ ಒಂದೇ ಹನಿ ಉತ್ತರವನ್ನು 0.008ರಷ್ಟು ಅಲುಗಿಸುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಕನಿಷ್ಠ ಮೂರು ಸಲ ಮಾಡಬೇಕು.

ರೋಧವನ್ನು ಅಳೆಯುವುದು ಮತ್ತು ಓದುವುದು

ಪೆಲೆಟ್ಟಿನಿಂದ 2 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಕತ್ತರಿಸಿ ಸಿಲ್ವರ್ ಪೇಸ್ಟಿನಿಂದ ನಾಲ್ಕು ತಂತಿಗಳನ್ನು ಅಂಟಿಸಿ. ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ಎರಡೇ ತಂತಿಗಳ ಮಲ್ಟಿಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ರೋಧಶೀಲತೆ 2 ಮಿಲಿಓಮ್ ಸೆಂಟಿಮೀಟರ್ ಇರುವ ಇಂಥ ಪಟ್ಟಿಯಲ್ಲಿ, 5 ಮಿಲಿಮೀಟರ್ ಅಂತರದ ಒಳತಂತಿಗಳ ನಡುವಿನ ರೋಧ 25 ಮಿಲಿಓಮ್ ಮಾತ್ರ. ಅಂಟಿನ ರೋಧವೇ ಅದರ ಹತ್ತಾರು ಪಟ್ಟು ಇರಬಹುದು. 10 ಮಿಲಿಆಂಪಿಯರ್ ಹರಿಸಿದರೆ ಸಿಗುವುದು 250 ಮೈಕ್ರೋವೋಲ್ಟ್. ತಂತಿಗಳ ಜೋಡಣೆಯಲ್ಲಿ ಉಷ್ಣದಿಂದ ಹುಟ್ಟುವ ಕೆಲವು ಮೈಕ್ರೋವೋಲ್ಟ್‌ಗಳನ್ನು ಕಳೆಯಲು ಪ್ರತಿ ತಾಪಮಾನದಲ್ಲೂ ಕರೆಂಟಿನ ದಿಕ್ಕನ್ನು ತಿರುಗಿಸಿ ಎರಡರ ಸರಾಸರಿಯನ್ನು ತೆಗೆದುಕೊಳ್ಳಿ. ಡೋಪ್ ಆಗದ ಪಟ್ಟಿಗೆ ಇಷ್ಟು ಕರೆಂಟ್ ಬೇಡ, ಅದು ಬಿಸಿಯಾಗಿ ಸುಳ್ಳು ಹೇಳುತ್ತದೆ.

ತಣಿಸಲು 77 ಕೆಲ್ವಿನ್‌ನ ದ್ರವ ನೈಟ್ರೋಜನ್ ಸಾಕು. ಪಶು ಆಸ್ಪತ್ರೆಗಳಲ್ಲಿ ವೀರ್ಯದ ಕಡ್ಡಿಗಳನ್ನು ಇಡುವ ಬಗೆಯ ಕ್ಯಾನಿನೊಳಗೆ, ಮಾದರಿ ಮತ್ತು ಪ್ಲಾಟಿನಮ್ ತಾಪಮಾಪಕವಿರುವ ಕೋಲನ್ನು ಆವಿಯ ಮೂಲಕ ನಿಧಾನವಾಗಿ ಇಳಿಸುತ್ತಾ ಓದುತ್ತಾ ಹೋಗಬಹುದು. ಕ್ಯಾನಿನ ಬಾಯನ್ನು ಎಂದೂ ಬಿಗಿಯಾಗಿ ಮುಚ್ಚಬಾರದು. ಕಿಟಕಿಗಳನ್ನು ತೆರೆದಿಡಬೇಕು, ಹೊರಗೆ ಎಷ್ಟೇ ಮಳೆಯಿರಲಿ. ಮಾದರಿಯನ್ನು ತೆಳುವಾದ ಮುಚ್ಚಿದ ಕೊಳವೆಯಲ್ಲಿಟ್ಟು ಒಣ ನೈಟ್ರೋಜನ್ ತುಂಬಿ, ಇಲ್ಲದಿದ್ದರೆ ಮೇಲೆತ್ತಿದ ಕೂಡಲೇ ನಮ್ಮ ಊರಿನ ಗಾಳಿಯ ತೇವವೆಲ್ಲ ಅದರ ಮೇಲೆ ಹಿಮವಾಗಿ ಕೂತು, ಕರಗಿ, ಸಿಲ್ವರ್ ಪೇಸ್ಟನ್ನು ಕಿತ್ತುಹಾಕುತ್ತದೆ.

ಸ್ಟ್ರಾನ್ಷಿಯಮ್ ಇಲ್ಲದ ಮಾದರಿಯ ರೋಧ ತಣಿದಂತೆಲ್ಲ ಕಡಿದಾಗಿ ಏರುತ್ತದೆ. 0.15ರ ಮಾದರಿಯಲ್ಲಿ ಅದು ಹೆಚ್ಚುಕಡಿಮೆ ಸರಳರೇಖೆಯಲ್ಲಿ ಇಳಿದು, ಒಳ್ಳೆಯ ಮಾದರಿಯಾದರೆ 77 ಕೆಲ್ವಿನ್‌ನಲ್ಲಿ ಕೋಣೆಯ ತಾಪಮಾನದ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಈ ಎರಡು ರೇಖೆಗಳನ್ನು ಒಂದೇ ಹಾಳೆಯ ಮೇಲೆ ಎಳೆದಾಗ ಹುಡುಗರ ಮುಖದಲ್ಲಿ ಮೂಡುವ ನಗು ಸಹಜವಾದದ್ದೇ, ಆದರೆ ನಡುವಿನ 0.05ರ ರೇಖೆ ಅವರನ್ನು ಮೋಸಗೊಳಿಸುತ್ತದೆ. ಅದು ಕೋಣೆಯ ತಾಪಮಾನದ ಸುತ್ತ ಲೋಹದಂತೆ ಸ್ವಲ್ಪ ಇಳಿದು, ಕೆಳಗೆ ಹೋದಂತೆ ತಿರುಗಿ ಏರುತ್ತದೆ. ಇಳಿಜಾರನ್ನು ಮಾತ್ರ ನೋಡಿ ಅದನ್ನು ಲೋಹವೆಂದು ಬರೆಯಬಾರದು. ಲೋಹವೆಂದರೆ ತಾಪಮಾನ ಸೊನ್ನೆಯ ಕಡೆಗೆ ಸಾಗಿದಾಗಲೂ ವಾಹಕತೆ ಸೊನ್ನೆಯಾಗದೆ ಉಳಿಯುವಂಥದ್ದು. ಇನ್ನೊಂದು ಅಳತೆಗೋಲೂ ಇದೆ: ಪದರಗಳ ನಡುವಿನ 6.6 ಆಂಗ್‌ಸ್ಟ್ರಮ್ ಅಂತರವನ್ನು 25.8 ಕಿಲೋಓಮ್‌ನಿಂದ (ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನ್ ಆವೇಶದ ವರ್ಗದಿಂದ ಭಾಗಿಸಿದಾಗ ಬರುವ ರೋಧ) ಗುಣಿಸಿದರೆ 1.7 ಮಿಲಿಓಮ್ ಸೆಂಟಿಮೀಟರ್ ಬರುತ್ತದೆ. ಪದರದ ಉದ್ದಕ್ಕಿನ ರೋಧಶೀಲತೆ ಇದಕ್ಕಿಂತ ಹೆಚ್ಚಾದರೆ, ಎಲೆಕ್ಟ್ರಾನ್ ತನ್ನ ಅಲೆಯುದ್ದದಷ್ಟೂ ದೂರ ತಡೆಯಿಲ್ಲದೆ ಸಾಗುತ್ತಿಲ್ಲ ಎಂದರ್ಥ. ಪೆಲೆಟ್ಟಿನಲ್ಲಿ ಕಣಗಳ ಅಂಚುಗಳೂ ರೋಧವನ್ನು ಹೆಚ್ಚಿಸುವುದರಿಂದ ಈ ಅಳತೆಗೋಲನ್ನು ಕಣ್ಣಂದಾಜಿಗೆ ಮಾತ್ರ ಬಳಸಿ.

ಗಡಿ ಎಲ್ಲಿದೆ ಎಂಬ ಪ್ರಶ್ನೆಗೆ 77 ಕೆಲ್ವಿನ್‌ನಲ್ಲಿ ನಿಂತು ಉತ್ತರ ಕೊಡಲಾಗದು. 1990ರ ದಶಕದ ನಡುವಿನಲ್ಲಿ ಆ್ಯಂಡೊ, ಬೋಬಿಂಗರ್ ಮತ್ತು ಸಂಗಡಿಗರು ಸುಮಾರು 60 ಟೆಸ್ಲಾದ ಕಾಂತಕ್ಷೇತ್ರದ ಹೊಡೆತದಿಂದ ಅತಿವಾಹಕತೆಯನ್ನು ಬದಿಗೆ ಸರಿಸಿ, ಅದರ ಕೆಳಗೆ ಏನು ಅಡಗಿದೆ ಎಂದು ಅಳೆದರು, 0.15ರ ಆಸುಪಾಸಿಗಿಂತ ಕಡಿಮೆ ಡೋಪ್ ಆದ ಹರಳುಗಳಲ್ಲಿ ರೋಧ ಕೆಳಗಿನ ತಾಪಮಾನದಲ್ಲಿ ಮತ್ತೆ ಏರುತ್ತಿತ್ತು. ಅಂದರೆ ನಿಮ್ಮ 0.10ರ ಪೆಲೆಟ್ ಮಡಿಕೇರಿಯಲ್ಲಿ ಲೋಹ, ತೀರ ತಣ್ಣಗಿನ ಲೋಕದಲ್ಲಿ ಅಲ್ಲ. ವರದಿಯಲ್ಲಿ ಅದನ್ನು ‘77 ಕೆಲ್ವಿನ್‌ವರೆಗೆ ಲೋಹದಂಥ ವರ್ತನೆ’ ಎಂದು ಬರೆದರೆ ಪರೀಕ್ಷಕರು ಆಕ್ಷೇಪಿಸಲಾರರು.

ಅಳತೆ ಮುಗಿದ ಮಾದರಿಗಳನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ಇಡಿ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದೆಯೇ ಎಂದು ಮಳೆಗಾಲದಲ್ಲಿ ದಿನವೂ ನೋಡಿ. ಸೀಸೆಯ ಮೇಲಿನ ಚೀಟಿಯಲ್ಲಿ ತೂಗಿದ ಸ್ಟ್ರಾನ್ಷಿಯಮ್ ಪಾಲು, ಟೈಟ್ರೇಶನ್ ಕೊಟ್ಟ ರಂಧ್ರಗಳ ಪಾಲು, ಕೊನೆಯ ಬಾರಿ ಯಾವ ಅನಿಲದಲ್ಲಿ ಎಷ್ಟು ಡಿಗ್ರಿಗೆ ಕಾಯಿಸಿದ್ದೆಂಬುದು, ಮೂರನ್ನೂ ಪೆನ್ಸಿಲ್ಲಿನಲ್ಲಿ ಬರೆಯಿರಿ. ಶಾಯಿ ಇಲ್ಲಿನ ತೇವಕ್ಕೆ ಹರಡಿಬಿಡುತ್ತದೆ.